ಸುತ್ತು ಹೆಚ್ಚಿದರೆ ಟಾರ್ಕ್ ಹೆಚ್ಚುವುದೆ?

ರೇಡಿಯೊ ನಿಯಂತ್ರಿತ ಕಾರುಗಳ ಹವ್ಯಾಸಿಗಳಲ್ಲಿ ಒಂದು ಸೂತ್ರ ಬಹಳ ಪ್ರಚಲಿತ: 'ಸುರುಳಿಯಲ್ಲಿ ಸುತ್ತು ಹೆಚ್ಚಿದ್ದರೆ ಟಾರ್ಕ್ ಹೆಚ್ಚು, ಸುತ್ತು ಕಡಿಮೆಯಿದ್ದರೆ ವೇಗ ಹೆಚ್ಚು.' ಈ ಕಾರುಗಳ 540 ಗಾತ್ರದ ಮೋಟಾರುಗಳನ್ನು 27, 19, 13 ಎಂದು ಸುತ್ತುಗಳ ಲೆಕ್ಕದಲ್ಲೇ ಆರಿಸುವ ರೂಢಿಯಿಂದಾಗಿ ಈ ಮಾತಿಗೆ ನಿಯಮದ ಸ್ಥಾನ ದೊರೆತಿದೆ. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲೂ ಅದು ಹಾಗೆಯೇ ಇಳಿಯುತ್ತದೆ. ಆದರೆ ಇದು ಅರ್ಧಸತ್ಯ.

ಕಾಂತಕ್ಷೇತ್ರ ಒಂದೇ ಆಗಿದ್ದಾಗ, ಪ್ರತಿ ಆಂಪೇರಿಗೆ ದೊರೆಯುವ ಟಾರ್ಕ್ ಸುತ್ತುಗಳ ಸಂಖ್ಯೆಗೆ ಅನುಪಾತದಲ್ಲಿರುತ್ತದೆ. ಇಷ್ಟು ಸರಿ. ಸೂತ್ರ ಕೈಬಿಟ್ಟಿರುವುದು 'ಪ್ರತಿ ಆಂಪೇರಿಗೆ' ಎಂಬ ಮಾತನ್ನು.

20 ಸುತ್ತಿನ ಸುರುಳಿಯನ್ನು ತೆಗೆದು ಅದೇ ಜಾಗದಲ್ಲಿ 10 ಸುತ್ತು ಹಾಕಿದೆವೆನ್ನಿ. ತಂತಿಯ ಉದ್ದ ಅರ್ಧವಾಗುತ್ತದೆ. ಅಡ್ಡಕೊಯ್ತ ಎರಡರಷ್ಟಿರುವ ತಂತಿ ಹಿಡಿಸುತ್ತದೆ. ಹೀಗಾಗಿ ರೋಧ ಕಾಲು ಭಾಗಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಟಾರ್ಕ್ ಪಡೆಯಲು ಈಗ ಎರಡರಷ್ಟು ಪ್ರವಾಹ ಬೇಕು. ಸುರುಳಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗ ಮತ್ತು ರೋಧಗಳ ಗುಣಲಬ್ಧ: 4 × 1/4 = 1. ಅಂದರೆ ಉಷ್ಣದಲ್ಲಿ ವ್ಯತ್ಯಾಸವಿಲ್ಲ! ಅತಿಯಾಗಿ ಕಾಯದೆ ಮೋಟಾರು ಎಷ್ಟು ಟಾರ್ಕ್ ಕೊಡಬಲ್ಲದು ಎಂಬುದನ್ನು ಅದರ ಗಾತ್ರ, ಕಾಂತ ಮತ್ತು ತಾಮ್ರದ ಪ್ರಮಾಣ ನಿರ್ಧರಿಸುತ್ತವೆಯೇ ಹೊರತು ಸುತ್ತುಗಳ ಸಂಖ್ಯೆಯಲ್ಲ.

ಇನ್ನು ಗಿಯರಿನ ವಿಷಯ. ಸುತ್ತು ಅರ್ಧವಾದಾಗ ಅದೇ ಬ್ಯಾಟರಿಯಲ್ಲಿ ಮೋಟಾರಿನ ವೇಗ ಸುಮಾರು ಇಮ್ಮಡಿಯಾಗುತ್ತದೆ. ಗಿಯರನ್ನು ಬದಲಿಸದಿದ್ದರೆ ಬ್ಯಾಟರಿ ಮತ್ತು ವೇಗ ನಿಯಂತ್ರಕದ ಮೇಲೆ ಇಮ್ಮಡಿ ಪ್ರವಾಹದ ಹೊರೆ ಬೀಳುತ್ತದೆ. ವೇಗದೊಂದಿಗೆ ಗಾಳಿಯ ತಡೆಯೂ ಹೆಚ್ಚುವುದರಿಂದ ಪ್ರವಾಹ ಮತ್ತೂ ಏರುತ್ತದೆ. ಬಿಡಿಭಾಗಗಳು ಸುಡುವುದು ಹೀಗೆ. ಬದಲಾಗಿ, 6:1 ಇದ್ದ ಗಿಯರ್ ಅನುಪಾತವನ್ನು 12:1 ಮಾಡಿ ನೋಡಿ. ಚಕ್ರದ ವೇಗ ಮೊದಲಿನಷ್ಟೇ ಇರುತ್ತದೆ. ಮೋಟಾರು ಕೊಡಬೇಕಾದ ಟಾರ್ಕ್ ಅರ್ಧವಾಗುವುದರಿಂದ ಪ್ರವಾಹವೂ ಮೊದಲಿನಷ್ಟೇ. ರೋಧ ಮಾತ್ರ ಕಾಲು ಭಾಗ. ಆದ್ದರಿಂದ ಸುರುಳಿಯ ಉಷ್ಣವೂ ಕಾಲು ಭಾಗ. 'ಏರು ಹತ್ತಲು ಹೆಚ್ಚು ಸುತ್ತಿನ ಮೋಟಾರೇ ಬೇಕು' ಎಂಬ ಸಲಹೆ ಇಲ್ಲಿ ತಲೆಕೆಳಗಾಗುತ್ತದೆ. ಆದರೆ ವೇಗ ಇಮ್ಮಡಿಯಾದಾಗ ಕಬ್ಬಿಣದ ತಿರುಳಿನ ನಷ್ಟ, ಬ್ರಷ್‌ಗಳ ಸವೆತ, ಗಿಯರ್ ಹಲ್ಲುಗಳ ಘರ್ಷಣೆ ಹೆಚ್ಚುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಶಿಕ್ಷಕರು ಇದರ ಒಂದು ಭಾಗವನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಸುತ್ತುಗಳನ್ನು ಬಿಟ್ಟರೆ ಉಳಿದಂತೆ ಒಂದೇ ಬಗೆಯ ಎರಡು ಬ್ರಷ್ ಮೋಟಾರುಗಳನ್ನು ಡ್ರಿಲ್ಲಿನಿಂದ ಸಮಾನ ವೇಗದಲ್ಲಿ ತಿರುಗಿಸಿ, ಹುಟ್ಟುವ ವೋಲ್ಟೇಜನ್ನು ಅಳೆಯಿರಿ. ಆ ವೋಲ್ಟೇಜ್‌ಗಳ ಅನುಪಾತವೇ ಪ್ರತಿ ಆಂಪೇರಿನ ಟಾರ್ಕ್‌ಗಳ ಅನುಪಾತ. ವರದಿಯಲ್ಲಿ 'ಟಾರ್ಕ್ ಹೆಚ್ಚು' ಎಂದು ಬರೆದ ವಿದ್ಯಾರ್ಥಿಯನ್ನು ಆಗ ಕೇಳಬೇಕಾದ ಪ್ರಶ್ನೆ ಇಷ್ಟೆ: ಎಷ್ಟು ಆಂಪೇರಿಗೆ, ಯಾವ ಗಿಯರಿನಲ್ಲಿ?