ಬ್ಯಾಕ್ಟೀರಿಯಗಳ ನೊರೆಯೂ ಎರೆಭೂಮಿಯ ಪರೀಕ್ಷೆಯೂ

ಮಣ್ಣಿನಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿ, ಅದು ಸಾಬೂನಿನ ಗುಣವುಳ್ಳ ದ್ರವ್ಯವನ್ನು ಸ್ರವಿಸುವುದನ್ನು ತೋರಿಸಿ, ಆ ದ್ರವ್ಯವು ಕೃಷಿಗೂ ಕೈಗಾರಿಕೆಗೂ ಉಪಯುಕ್ತವೆಂದು ಮುಗಿಸುವ ಪ್ರಬಂಧಗಳು ಇಂದು ಅನೇಕವಾಗಿ ಬರುತ್ತಿವೆ. ಬಯೋಸರ್ಫ್ಯಾಕ್ಟಂಟ್ ಎಂದು ಕರೆಯಲ್ಪಡುವ ಈ ದ್ರವ್ಯಗಳ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರಯೋಗಕ್ಕೂ ನಿರ್ಣಯಕ್ಕೂ ನಡುವೆ ಇರುವ ಅಂತರವನ್ನು ಇಂಥ ಬರಹಗಳು ಗಮನಿಸುತ್ತಿಲ್ಲವೆಂಬುದೇ ನಮ್ಮ ಆಕ್ಷೇಪ.

ಇಂಥ ದ್ರವ್ಯದ ಅಣುವಿನ ಒಂದು ಭಾಗ ನೀರಿಗೆ ಒಲಿಯುತ್ತದೆ. ಇನ್ನೊಂದು ಭಾಗ ಎಣ್ಣೆಗೆ ಒಲಿಯುತ್ತದೆ. ಆದುದರಿಂದ ಅದು ನೀರಿನ ಮೇಲ್ಮೈಯಲ್ಲಿ ನೆಲೆಸಿ ಅಲ್ಲಿಯ ಎಳೆತವನ್ನು ತಗ್ಗಿಸುತ್ತದೆ. ಸೀಗೆಕಾಯಿ, ಅಂಟುವಾಳಗಳ ನೊರೆಗೂ ಇದೇ ಕಾರಣ. 1968ರಲ್ಲಿ ಜಪಾನಿನ ಅರಿಮಾ ಮತ್ತು ಸಂಗಡಿಗರು ಬ್ಯಾಸಿಲಸ್ ಸಬ್ಟಿಲಿಸ್‌ನಿಂದ ಪಡೆದ ಸರ್ಫ್ಯಾಕ್ಟಿನ್, ಅತ್ಯಲ್ಪ ಪ್ರಮಾಣದಲ್ಲಿಯೇ ನೀರಿನ ಮೇಲ್ಮೈ ಎಳೆತವನ್ನು ಮೀಟರಿಗೆ 72 ಮಿಲಿನ್ಯೂಟನ್‌ನಿಂದ 27ರವರೆಗೆ ಇಳಿಸಬಲ್ಲದು.

ಬ್ಯಾಕ್ಟೀರಿಯವು ಇದನ್ನು ತನ್ನ ಬಾಳಿಗಾಗಿ ಮಾಡಿಕೊಳ್ಳುತ್ತದೆ. ಸರ್ಫ್ಯಾಕ್ಟಿನ್‌ನ ನೆರವಿನಿಂದ ಬ್ಯಾಸಿಲಸ್ ಸಮೂಹವು ತೇವದ ಮೇಲ್ಮೈಯಲ್ಲಿ ಹರಡುತ್ತದೆ. ಸೂಡೊಮೊನಾಸ್‌ನ ರಾಮ್ನೊಲಿಪಿಡ್, ನೀರಿನಲ್ಲಿ ಕರಗದ ಎಣ್ಣೆಯನ್ನು ಆ ಜೀವಿಗೆ ಆಹಾರವಾಗಿ ಒದಗಿಸುತ್ತದೆ. ಸಸಿಕೊಳೆ ತರುವ ಪಿಥಿಯಂನ ಚಲಿಸುವ ಬೀಜಕಣಗಳನ್ನು ಒಡೆಯುತ್ತದೆ. ಅದೇ ಸರ್ಫ್ಯಾಕ್ಟಿನ್ ರಕ್ತಕಣಗಳನ್ನೂ ಒಡೆಯುತ್ತದೆ. ಪೊರೆಯನ್ನು ಭೇದಿಸುವ ದ್ರವ್ಯಕ್ಕೆ ಮಿತ್ರನ ಪೊರೆ, ಶತ್ರುವಿನ ಪೊರೆ ಎಂಬ ಭೇದವಿಲ್ಲ.

ಇನ್ನು ಪರೀಕ್ಷೆಗಳನ್ನು ನೋಡೋಣ. ಹನಿ ಚಪ್ಪಟೆಯಾಗುವುದು, ಎಣ್ಣೆಯ ಪದರ ಸರಿಯುವುದು, ಸೀಮೆಎಣ್ಣೆಯೊಡನೆ ಕಲಕಿ 24 ಗಂಟೆಗಳ ನಂತರ ಉಳಿದ ಮಿಶ್ರಣದ ಎತ್ತರವನ್ನು ಅಳೆಯುವುದು: ಇವು ಸುಲಭವೂ ಅಗ್ಗವೂ ಆದ ವಿಧಾನಗಳು. ಅನೇಕ ತಳಿಗಳಲ್ಲಿ ಕೆಲವನ್ನು ಆರಿಸಲು ಇವು ಸಾಕು. ಆದರೆ ಇವು ತಿಳಿಸುವುದು ಗಾಜಿನ ನಳಿಕೆಯಲ್ಲಿ ನಡೆದುದನ್ನು ಮಾತ್ರ, ಹೊಲದಲ್ಲಿ ನಡೆಯುವುದನ್ನಲ್ಲ.

ರೋಣ ತಾಲೂಕಿನ ಬೆಳವಣಕಿಯ ಎರೆಹೊಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರೆಮಣ್ಣಿನ ಜೇಡಿಕಣಗಳು ಮಳೆಗೆ ಹಿಗ್ಗಿ ಬೇಸಗೆಗೆ ಬಿರಿಯುವಂಥವು. ಅವುಗಳ ಹೊರಮೈ ಅತಿ ವಿಶಾಲ. ಕರಗಿ ಬಂದ ಸಾವಯವ ದ್ರವ್ಯದ ಬಹುಭಾಗವನ್ನು ಅವು ಹೀರಿಟ್ಟುಕೊಳ್ಳಬಲ್ಲವು. ಅಲ್ಲದೆ ಇಂಥ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು. ಸರ್ಫ್ಯಾಕ್ಟಿನ್, ರಾಮ್ನೊಲಿಪಿಡ್‌ಗಳು ಇಂಥ ಕ್ಷಾರಗುಣದ ಮಣ್ಣಿನಲ್ಲಿ ಋಣ ವಿದ್ಯುದಂಶವನ್ನು ಹೊಂದಿ ಕ್ಯಾಲ್ಸಿಯಂನೊಡನೆ ಬೆರೆಯುತ್ತವೆ. ಗಡಸುನೀರಿನಲ್ಲಿ ಸಾಬೂನು ನೊರೆಗಟ್ಟದಿರುವುದನ್ನು ಬಲ್ಲವರಿಗೆ ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಶುದ್ಧಜಲದಲ್ಲಿ 27ಕ್ಕೆ ಇಳಿದ ಅಂಕಿ ಆ ಹೊಲದ ತೇವದಲ್ಲಿ ಎಷ್ಟಕ್ಕೆ ನಿಲ್ಲುವುದೆಂಬುದನ್ನು ಅಳೆದೇ ಹೇಳಬೇಕು. ಅಳೆಯದೆ ಹೇಳಿದ ಮಾತು ಬ್ಯಾಕ್ಟೀರಿಯದ ಪುಡಿಯಾಗಿ ಮಾರಾಟಕ್ಕೆ ಬಂದರೆ, ಅದರ ಬೆಲೆಯನ್ನು ತೆರುವವನು ಜೋಳ, ಕಡಲೆ ಬಿತ್ತುವ ಒಕ್ಕಲಿಗ.

ನೈಸರ್ಗಿಕವಾದುದೆಲ್ಲ ನಿರಪಾಯವೆಂಬ ಇನ್ನೊಂದು ನಂಬಿಕೆಯೂ ಇಂಥ ಬರಹಗಳಲ್ಲಿ ಕಾಣಬರುತ್ತದೆ. ರಾಮ್ನೊಲಿಪಿಡ್‌ಅನ್ನು ಯಥೇಚ್ಛವಾಗಿ ಕೊಡುವ ಸೂಡೊಮೊನಾಸ್ ಎರುಜಿನೋಸ, ಸುಟ್ಟ ಗಾಯಗಳಿಗೂ ಬಲಗುಂದಿದವರ ಶ್ವಾಸಕೋಶಕ್ಕೂ ಸೋಂಕು ತರುವ ಜೀವಿ. ಆ ಸೋಂಕಿನಲ್ಲಿ ರಾಮ್ನೊಲಿಪಿಡ್‌ನದೂ ಪಾಲುಂಟು. ಕೈಗಾರಿಕೆಯವರು ಇದನ್ನು ಮರೆತಿಲ್ಲ. 2024ರಲ್ಲಿ ಸ್ಲೊವಾಕಿಯದಲ್ಲಿ ರಾಮ್ನೊಲಿಪಿಡ್ ಕಾರ್ಖಾನೆಯನ್ನು ತೆರೆದ ಜರ್ಮನಿಯ ಎವೊನಿಕ್ ಸಂಸ್ಥೆಯು, ರೋಗಕಾರಕವಲ್ಲದ ಬೇರೊಂದು ಸೂಡೊಮೊನಾಸ್ ತಳಿಯಿಂದ ಸಕ್ಕರೆಯನ್ನು ಹುದುಗಿಸುವ ಮಾರ್ಗವನ್ನು ಹಿಡಿಯಿತು.

ಆದುದರಿಂದ ಸಂಶೋಧಕ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಬ್ಯಾಕ್ಟೀರಿಯದ ಜಾತಿಯು ನಿಶ್ಚಿತವಾಗಿದೆಯೇ? ಯಾವ ಮಣ್ಣಿಗೆ ಉಪಯೋಗವೆನ್ನುತ್ತೇವೆಯೋ ಆ ಮಣ್ಣಿನೊಡನೆ ದ್ರಾವಣವನ್ನು ಕಲಕಿದ ಮೇಲೂ ಅದರ ಗುಣ ಉಳಿದಿದೆಯೇ? ಬೀಜದ ಮೊಳಕೆಗೆ ಅದು ಬಾಧಕವಲ್ಲವೇ? ಅಷ್ಟೇ ತೂಕದ ಅಂಟುವಾಳದ ಸತ್ವಕ್ಕಿಂತ ಅದು ಮೇಲೆ? ಇವುಗಳಿಗೆ ಬಹುಬೆಲೆಯ ಯಂತ್ರಗಳು ಬೇಡ, ತಾಳ್ಮೆ ಬೇಕು. ಉತ್ತರವು ಪ್ರತಿಕೂಲವಾಗಿ ಬಂದರೂ ಅದನ್ನು ಪ್ರಕಟಿಸತಕ್ಕದ್ದು. ಎರೆಮಣ್ಣು ಈ ದ್ರವ್ಯವನ್ನು ನುಂಗಿಬಿಡುತ್ತದೆಂದು ತಿಳಿದರೆ, ಅದು ಬೆಳವಣಕಿಯ ರೈತನಿಗೆ ಹತ್ತು ಆಶ್ವಾಸನೆಗಳಿಗಿಂತ ಹೆಚ್ಚು ಪ್ರಯೋಜನಕರವಾದ ಜ್ಞಾನ.