ಹಲಗಲಿ ಲಾವಣಿಯ ಭಯಾನಕ: ಹೊಸ ಕೇಳುಗರಿಗೆ

ಭಯಾನಕ ಕಥೆ ಅಂದರೆ ಹಾಳು ಬಾವಿ, ಹುಣಸಿಮರ, ಅಮಾವಾಸ್ಯೆ ಅಂದುಕೊಂಡವರು ಹಲಗಲಿ ಬೇಡರ ಲಾವಣಿ ಕೇಳಬೇಕು. ಅದರಲ್ಲಿ ದೆವ್ವವಿಲ್ಲ, ಇರುವುದು ಸರ್ಕಾರದ ಒಂದು ಹುಕುಂ. ಆಯುಧ ಒಪ್ಪಿಸಿರೆಂದು 1857ರಲ್ಲಿ ಕುಂಪಣಿ ಹೇಳಿತು. ಮುಧೋಳ ಸೀಮೆಯ ಹಲಗಲಿಯವರು ಒಪ್ಪಲಿಲ್ಲ. ದಂಡು ಬಂತು, ಊರು ಬೂದಿಯಾಯಿತು.

ಗದಗ ಸೀಮೆಯ ಬೆಳ್ಳಟ್ಟಿಯವರಿಗೆ ಇದು ದೂರದ ಮಾತಲ್ಲ. ಲಾವಣಿಯ ಕೊನೆಗೆ ಬರುವ ಅಂಕಿತ ಕುರ್ತಕೋಟಿ ಕಲ್ಮೇಶನದು. ಕುರ್ತಕೋಟಿ ಗದಗ ತಾಲ್ಲೂಕಿನ ಊರು. ಮರುವರ್ಷ ಕುಂಪಣಿಯ ವಿರುದ್ಧವೇ ಎದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಮಡಿದ.

ಹೊಸಬರು ಹಲಗಲಿಯ ವೀರರಾದ ಹಣಮ, ಬಾಲ, ಜಡಗ, ರಾಮರ ಕೆಚ್ಚು ಕೇಳಿ ಮೈಯುಬ್ಬಿಸಿ ಅಲ್ಲಿಗೇ ಎದ್ದುಬಿಡುತ್ತಾರೆ. ಏಳಬೇಡಿ. ಕಾಳಗ ಮುಗಿದ ಮೇಲೆ ಲೂಟಿಯ ಪಟ್ಟಿ ಬರುತ್ತದೆ, ಲಾವಣಿಯ ಎದೆ ಇರುವುದು ಅಲ್ಲಿ. ಬಂಗಾರ, ಬೆಳ್ಳಿಯ ಮಾತು ಹಾಗಿರಲಿ, ದಂಡಿನವರು ಉಪ್ಪು, ಎಣ್ಣೆ, ಅರಿಸಿನ, ಜೀರಿಗೆಯನ್ನೂ ಬಿಡಲಿಲ್ಲ. ಬೀಸುಕಲ್ಲು ಹೋಯಿತು, ತಾಳಿಯೂ ಹೋಯಿತು. ಕವಿ ಅಳುವುದಿಲ್ಲ, ಶಪಿಸುವುದಿಲ್ಲ, ಒಂದೊಂದೇ ಹೆಸರು ಹೇಳುತ್ತಾ ಹೋಗುತ್ತಾನೆ. ಬೀಸುಕಲ್ಲು ಇಲ್ಲದ ಮನೆಯಲ್ಲಿ ಬೆಳಗಾಗುವುದು ಹೇಗೆಂದು ಯೋಚಿಸಿದರೆ ಹೆದರಿಕೆ ತಾನೇ ಹತ್ತುತ್ತದೆ. ಸೆರೆಸಿಕ್ಕ 19 ಜನರನ್ನು ಮುಧೋಳ, ಹಲಗಲಿಗಳಲ್ಲಿ ಗಲ್ಲಿಗೇರಿಸಿದ್ದು ಚರಿತ್ರೆಯ ಪುಸ್ತಕದಲ್ಲಿದೆ. ಅಡುಗೆಮನೆ ಬರಿದಾದದ್ದನ್ನು ನೆನಪಿಟ್ಟದ್ದು ಹಾಡು.

ಇನ್ನು ಲಯ. ಡಪ್ಪು, ತುಂತುಣಿ, ಹಿಮ್ಮೇಳದವರ ‘ಗೀ ಗೀ’ ಇರುವ ಮೇಳದಲ್ಲಿ ಕೇಳಿ. ಹುಕುಂ ಬಂದಾಗಿನ ಓಟವೇ ಹೆಣ ಬಿದ್ದಾಗಲೂ ಇರುತ್ತದೆ. ಸಾವಿಗೆಂದು ಹಾಡು ನಿಲ್ಲದೇ ಇರುವುದು ಕ್ರೂರ ಅನ್ನಿಸಬಹುದು. ದಂಡಿನ ಕುದುರೆಗಳೂ ಅಂದು ನಿಂತಿರಲಿಲ್ಲ.

ಅರ್ಜೆಂಟೀನಾದ ಮರಿಯಾನಾ ಎನ್ರಿಕೆಸ್ ಅವರ ಕಥೆಗಳಲ್ಲಿ 1976ರಿಂದ 1983ರ ಸೈನಿಕ ಆಳ್ವಿಕೆಯ ನೆರಳು ದೆವ್ವವಾಗಿ ಕಾಡುತ್ತದೆ. ಅವನ್ನು ಓದಿ ಮೆಚ್ಚುವವರು ನಮ್ಮ ಲಾವಣಿಯನ್ನು ಬರೀ ವೀರಗೀತೆ ಎಂದು ಬದಿಗಿಡುವುದು ನನಗೆ ನೋವಿನ ವಿಷಯ. ಶಾಲೆಯ ಪಾಠ ಮಾಡುವಾಗಲೂ ಶೌರ್ಯಕ್ಕೆ ಅಂಕ ಸಿಗುತ್ತದೆ, ಭಯಕ್ಕಿಲ್ಲ.

ಇನ್ನೊಂದು ಸಂಗತಿ. ಈ ಪದವನ್ನು ಮೊದಲು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು ಜೆ. ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ. ಅಲ್ಲಿಯವರೆಗೆ ಅದನ್ನು ಕಾಯ್ದದ್ದು ಹಾಡುವವರ ಬಾಯಿ. ನಿಮ್ಮೂರಿನ ಜಾತ್ರೆಗೆ ಗೀಗೀ ಮೇಳ ಬಂದರೆ ಹಲಗಲಿ ಪದವನ್ನು ಕೇಳಿ ಹಾಡಿಸಿ. ಭೀಮರಾಯನ ಪದ ಯಾವ ಹಿರಿಯರ ಬಾಯಲ್ಲಾದರೂ ಉಳಿದಿದ್ದರೆ ಇಂದೇ ಬರೆದಿಟ್ಟುಕೊಳ್ಳಿ.