ಜುಟ್ಟಿನ ಮಲ್ಲಿಗೆ ಮತ್ತು ಮ್ಯಾಸ್ಲೊ ಬರೆಯದ ಪಿರಮಿಡ್ಡು

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಕನ್ನಡದ ಗಾದೆ ಆಡಿಕೊಳ್ಳುತ್ತದೆ. ಮೊದಲು ಹಿಟ್ಟು, ಆಮೇಲೆ ಹೂವು. ಅಷ್ಟೂ ತಿಳಿಯದವನು ಶೋಕಿಲಾಲ ಎಂಬುದು ಅದರ ತೀರ್ಪು. ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಮ್ಯಾಸ್ಲೊ 1943ರಲ್ಲಿ ‘ಸೈಕಲಾಜಿಕಲ್ ರಿವ್ಯೂ’ ಪತ್ರಿಕೆಗೆ ಬರೆದ ‘ಎ ಥಿಯರಿ ಆಫ್ ಹ್ಯೂಮನ್ ಮೋಟಿವೇಶನ್’ ಎಂಬ ಲೇಖನವೂ ಹೆಚ್ಚುಕಡಿಮೆ ಇದೇ ಸರದಿಯನ್ನು ಶಾಸ್ತ್ರದ ಭಾಷೆಯಲ್ಲಿ ಹೇಳಿತು. ಆದರೆ ಹಸಿದೂ ಹೂ ಮುಡಿಯುವವನು ಊರಿನಲ್ಲಿ ಇದ್ದಾನೆಂದು ಒಪ್ಪಿಕೊಂಡೇ ಗಾದೆ ನಗುತ್ತದೆ. ಪಠ್ಯಪುಸ್ತಕದ ಪಿರಮಿಡ್ಡಿನಲ್ಲಿ ಅವನಿಗೆ ಜಾಗವೇ ಇಲ್ಲ.

ಬಿ.ಎಡ್. ತರಗತಿ, ಶಿಕ್ಷಕರ ಅರ್ಹತಾ ಪರೀಕ್ಷೆ, ಎಂಬಿಎ ನೋಟ್ಸು, ಕಂಪನಿಗಳ ತರಬೇತಿ ಶಿಬಿರ, ‘ಅಭಿಪ್ರೇರಣೆ’ ಎಂಬ ಪಾಠ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಆ ಪಿರಮಿಡ್ಡಿದೆ. ತಳದಲ್ಲಿ ಅನ್ನ, ನೀರು, ನಿದ್ದೆಯಂಥ ದೈಹಿಕ ಅಗತ್ಯಗಳು, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ ಮತ್ತು ನಮ್ಮವರೆನಿಸಿಕೊಳ್ಳುವ ಹಂಬಲ, ನಂತರ ಗೌರವ, ತುದಿಯಲ್ಲಿ, ತನ್ನಲ್ಲಿರುವ ಸಾಮರ್ಥ್ಯವನ್ನೆಲ್ಲ ಅರಳಿಸಿಕೊಳ್ಳುವ ತುಡಿತ. ಕೆಳಗಿನದು ತಣಿದ ಮೇಲೆ ಮೇಲಿನದು ಎಚ್ಚರಗೊಳ್ಳುತ್ತದೆ. ಐದು ಅಂಕದ ಪ್ರಶ್ನೆಗೆ ಇದಕ್ಕಿಂತ ಅಚ್ಚುಕಟ್ಟಾದ ಉತ್ತರ ಸಿಗಲಾರದು.

ಈ ಅಚ್ಚುಕಟ್ಟುತನವೇ ಅನುಮಾನಕ್ಕೆ ಮೊದಲ ಕಾರಣ. 1943ರ ಲೇಖನದಲ್ಲಿ ಪಿರಮಿಡ್ಡಿನ ಚಿತ್ರವೇ ಇಲ್ಲ. ಮ್ಯಾಸ್ಲೊ ಹೆಸರಿಗೆ ಅಂಟಿಕೊಂಡಿರುವ ಆ ತ್ರಿಕೋನವನ್ನು ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬ ಸಲಹೆಗಾರರು 1960ರಲ್ಲಿ ‘ಬಿಸಿನೆಸ್ ಹೊರೈಜನ್ಸ್’ ಪತ್ರಿಕೆಯ ಲೇಖನಕ್ಕಾಗಿ ಬರೆದಿದ್ದರೆಂದು ಬ್ರಿಜ್‌ಮನ್, ಕಮಿಂಗ್ಸ್ ಮತ್ತು ಬಲ್ಲಾರ್ಡ್ ಎಂಬ ಮೂವರು ವಿದ್ವಾಂಸರು 2019ರಲ್ಲಿ ತೋರಿಸಿದರು. ನೌಕರನಿಗೆ ಸಂಬಳದ ಜೊತೆಗೆ ಇನ್ನೇನು ಕೊಟ್ಟರೆ ಮೈಮುರಿದು ದುಡಿದಾನು ಎಂಬುದು ಆ ಕಾಲದ ಆಡಳಿತಗಾರರ ತಲೆನೋವು. ತ್ರಿಕೋನ ಹುಟ್ಟಿದ್ದು ಅವರ ಅಂಗಳದಲ್ಲಿ.

ಮೂಲ ಲೇಖನವನ್ನು ಓದಿದರೆ ಸಿಗುವ ಮ್ಯಾಸ್ಲೊ ಬೇರೆಯೇ ಮನುಷ್ಯ. ಸಾಮಾನ್ಯ ನಾಗರಿಕನ ದೈಹಿಕ ಅಗತ್ಯ ಶೇ. 85ರಷ್ಟು, ಭದ್ರತೆ ಶೇ. 70, ಪ್ರೀತಿ ಶೇ. 50, ಆತ್ಮಗೌರವ ಶೇ. 40, ಕೊನೆಯದು ಶೇ. 10ರಷ್ಟು ಈಡೇರಿರಬಹುದು ಎಂದು ಅವರು ಬರೆಯುತ್ತಾರೆ; ಇವು ಉದಾಹರಣೆಗೆಂದು ತಾವೇ ಇಟ್ಟುಕೊಂಡ ಅಂಕಿಗಳು ಎಂದೂ ಅಲ್ಲೇ ಹೇಳಿಬಿಡುತ್ತಾರೆ. ಅಂದರೆ ಒಂದು ಮೆಟ್ಟಿಲು ಪೂರ್ತಿ ಹತ್ತಿದ ಮೇಲೆ ಇನ್ನೊಂದು ಎಂಬ ಮಾತೇ ಇಲ್ಲ. ಐದೂ ಒಟ್ಟೊಟ್ಟಿಗೆ, ಹೆಚ್ಚುಕಡಿಮೆ ಪ್ರಮಾಣದಲ್ಲಿ ಎಳೆಯುತ್ತಿರುತ್ತವೆ. ಪ್ರೀತಿಗಿಂತ ಗೌರವವೇ ಮುಖ್ಯವಾದವರು, ಸೃಷ್ಟಿಶೀಲತೆಯ ಮುಂದೆ ಉಳಿದದ್ದೆಲ್ಲ ಗೌಣವಾದವರು, ಆದರ್ಶಕ್ಕಾಗಿ ಎಲ್ಲವನ್ನೂ ಬಿಟ್ಟುಕೊಡುವ ಹುತಾತ್ಮರು ಎಂದು ಅಪವಾದಗಳ ಪಟ್ಟಿಯನ್ನೂ ಅವರೇ ಕೊಡುತ್ತಾರೆ. ಚಿತ್ರ ಬರೆದವರಿಗೆ ಈ ಪಟ್ಟಿ ಬೇಕಾಗಲಿಲ್ಲ.

ಅಂದಿನ ಹಿನ್ನೆಲೆಯಲ್ಲಿ ಮ್ಯಾಸ್ಲೊ ಲೇಖನ ಸಣ್ಣ ಸಾಧನೆಯಲ್ಲ. ಅದೇ 1943ರಲ್ಲಿ ಕ್ಲಾರ್ಕ್ ಹಲ್ ತಮ್ಮ ‘ಪ್ರಿನ್ಸಿಪಲ್ಸ್ ಆಫ್ ಬಿಹೇವಿಯರ್’ ಗ್ರಂಥದಲ್ಲಿ, ದೇಹದಲ್ಲಿ ಏನೋ ಕೊರತೆಯಾದಾಗ ಹುಟ್ಟುವ ಒತ್ತಡ, ಅದನ್ನು ತಗ್ಗಿಸಿದ ನಡವಳಿಕೆ ರೂಢಿಯಾಗುವ ಬಗೆ ಎಂಬ ಸೂತ್ರದಲ್ಲಿ ವರ್ತನೆಯನ್ನು ವಿವರಿಸಿದ್ದರು. ಪ್ರಯೋಗಶಾಲೆಯ ಹಸಿದ ಇಲಿಗೆ ಆ ಲೆಕ್ಕ ಚೆನ್ನಾಗಿ ಹೊಂದುತ್ತಿತ್ತು. ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೊ ಅವರ ಕೈಕೆಳಗೆ ಮಂಗಗಳನ್ನು ಅಭ್ಯಾಸ ಮಾಡಿ ಬಂದಿದ್ದ ಮ್ಯಾಸ್ಲೊ, ಹೊಟ್ಟೆ ತುಂಬಿದ ಜೀವಿಗೂ ಬೇಕುಗಳಿರುತ್ತವೆ, ಅವನ್ನೂ ವಿಜ್ಞಾನ ಲೆಕ್ಕಕ್ಕೆ ಹಿಡಿಯಬೇಕು ಎಂದರು. ಪ್ರೀತಿ, ಗೌರವಗಳನ್ನು ಹಸಿವಿನ ಪಕ್ಕದಲ್ಲಿ ಕೂರಿಸಿದ್ದು ಅವರ ದೊಡ್ಡ ಕೊಡುಗೆ.

ಎಡವಿದ್ದು ತುದಿಯಲ್ಲಿ. ಪೂರ್ಣವಾಗಿ ಅರಳಿದ ಮನುಷ್ಯ ಹೇಗಿರುತ್ತಾನೆಂದು ತಿಳಿಯಲು ಮ್ಯಾಸ್ಲೊ ಹಿಡಿದ ದಾರಿ, ತಮಗೆ ಹಾಗೆ ಕಂಡವರನ್ನು ಆರಿಸಿ ಅವರ ಗುಣಗಳನ್ನು ಪಟ್ಟಿ ಮಾಡುವುದು. ಜೆಫರ್ಸನ್, ಕೊನೆಯ ವರ್ಷಗಳ ಲಿಂಕನ್, ಐನ್‌ಸ್ಟೈನ್, ಎಲಿನಾರ್ ರೂಸ್‌ವೆಲ್ಟ್, ಸ್ಪಿನೋಜಾ ಆ ಆಯ್ಕೆಯಲ್ಲಿ ಬಂದರು. ಮೆಚ್ಚಿದವರನ್ನು ಆರಿಸಿಕೊಂಡು, ಅವರಲ್ಲಿ ಮೆಚ್ಚತಕ್ಕ ಗುಣಗಳಿವೆ ಎಂದು ಕಂಡುಹಿಡಿದ ಹಾಗಾಯಿತು. ಪರೀಕ್ಷೆಗೂ ಸಿದ್ಧಾಂತ ಸುಲಭವಾಗಿ ಮಣಿಯಲಿಲ್ಲ. 1976ರಲ್ಲಿ ವಹ್ಬಾ ಮತ್ತು ಬ್ರಿಡ್‌ವೆಲ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಗುಡ್ಡೆ ಹಾಕಿ ನೋಡಿದಾಗ, ಐದು ಮೆಟ್ಟಿಲುಗಳ ಕ್ರಮಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. 2011ರಲ್ಲಿ ಲೂಯಿ ಟೇ ಮತ್ತು ಎಡ್ ಡೀನರ್ 123 ದೇಶಗಳ ಅರವತ್ತು ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಜಾಲಾಡಿದರು. ಅಗತ್ಯಗಳ ಪಟ್ಟಿ ಎಲ್ಲ ಕಡೆಯೂ ನಿಂತಿತು. ಅವು ಈಡೇರಿದಷ್ಟೂ ಬದುಕು ಹಸನು. ಆದರೆ ಅನ್ನ, ಸೂರು ಪೂರ್ತಿ ಸಿಗದವರೂ ಸ್ನೇಹದಿಂದ, ಗೌರವದಿಂದ ಸುಖ ಪಡೆಯುತ್ತಿದ್ದರು. ಪಟ್ಟಿ ಗೆದ್ದಿತು, ಸರದಿ ಸೋತಿತು.

ಸರದಿ ಸೋಲುವುದನ್ನು ನೋಡಲು ಇಷ್ಟು ದೊಡ್ಡ ಸಮೀಕ್ಷೆಯೇ ಬೇಕಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಕಡುಬಡವರ ಖರ್ಚುವೆಚ್ಚ ನೋಡಿದಾಗ, ರಾಜಸ್ಥಾನದ ಉದಯಪುರದ ಕಡೆ ಬಡಕುಟುಂಬಗಳು ವರ್ಷದ ಖರ್ಚಿನಲ್ಲಿ ಸುಮಾರು ಹತ್ತನೇ ಒಂದು ಭಾಗವನ್ನು ಹಬ್ಬಗಳಿಗೆ ಎತ್ತಿಡುತ್ತಿದ್ದುದು ಕಂಡಿತು. ಗಾದೆ ಇದನ್ನೇ ಶೋಕಿ ಎನ್ನುತ್ತದೆ. ಆದರೆ ಹಬ್ಬಕ್ಕೋ ಮಗಳ ಮದುವೆಗೋ ಊರು ಕರೆಯದವನು ನಾಳೆ ಕಷ್ಟಕ್ಕೆ ಯಾರನ್ನು ಕರೆದಾನು? ಇಲ್ಲಿ ಮಲ್ಲಿಗೆಯೇ ಭದ್ರತೆ, ಮಲ್ಲಿಗೆಯೇ ಗೌರವ, ಒಮ್ಮೊಮ್ಮೆ ನಾಳಿನ ಹಿಟ್ಟೂ ಅದೇ.

ಕನ್ನಡದಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ಮ್ಯಾಸ್ಲೊ ತುದಿಗೆ ಕೊಟ್ಟ ಹೆಸರನ್ನು ‘ಆತ್ಮಸಾಕ್ಷಾತ್ಕಾರ’ ಎಂದು ಅನುವಾದಿಸುವ ರೂಢಿಯಿದೆ. ಸಂಗೀತಗಾರ ಸಂಗೀತ ಮಾಡಲೇಬೇಕು, ಕವಿ ಬರೆಯಲೇಬೇಕು ಎಂಬಷ್ಟು ಲೌಕಿಕವಾದ ಮಾತು ಅವರದು. ಕನ್ನಡದ ಪದವೋ ವೇದಾಂತದ ಹೊರೆ ಹೊತ್ತು ಬಂದದ್ದು. ಅಲ್ಲಿಗೆ ಹೋಗುವ ದಾರಿ ಕೆಳಗಿನ ಬೇಕುಗಳನ್ನು ತಣಿಸಿ ಮೇಲೇರುವುದಲ್ಲ, ಬಿಟ್ಟು ನಡೆಯುವುದು. ಜೈನರಲ್ಲೂ ಬಿಡುವುದೇ ದಾರಿ; ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಅನ್ನನೀರು ತೊರೆದು ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿನ ಶಾಸನಗಳು ಸಾಲುಸಾಲಾಗಿವೆ. ಮ್ಯಾಸ್ಲೊ ಲೇಖನದಲ್ಲಿ ಅಪವಾದವಾಗಿ ಬರುವ ಮನುಷ್ಯ ಇಲ್ಲಿ ಒಂದು ಪರಂಪರೆಯ ಆದರ್ಶ.

ಮುಂದಿನ ತಲೆಮಾರಿನ ಸಂಶೋಧಕರು ಏಣಿಯನ್ನೇ ಪಕ್ಕಕ್ಕಿಟ್ಟರು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವ ಮಾನಸಿಕ ಅಗತ್ಯಗಳು ಮೂರೇ: ಸ್ವಂತ ಇಚ್ಛೆಯಿಂದ ನಡೆಯುವುದು, ಕೈಯಲ್ಲಾಗುತ್ತದೆ ಎನಿಸುವುದು, ನಾಲ್ಕು ಜನರೊಡನೆ ಬೆರೆಯುವುದು. ಇವುಗಳಲ್ಲಿ ಮೇಲುಕೀಳಿಲ್ಲ. ಈ ಚಿಂತನೆಗೆ ಒತ್ತುಕೊಟ್ಟ ಪ್ರಯೋಗಗಳಲ್ಲಿ 1973ರದ್ದು ಪ್ರಸಿದ್ಧ. ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಚಿನ್ನದ ಬಣ್ಣದ ಮುದ್ರೆಯ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಲಾಯಿತು. ಕೆಲವು ದಿನಗಳ ನಂತರ, ಬಿಡುವಿನ ಆಟದಲ್ಲಿ, ಆ ಮಕ್ಕಳು ಪೆನ್ನು ಮುಟ್ಟಿದ್ದು ಉಳಿದವರಿಗಿಂತ ಬಹಳ ಕಡಿಮೆ. ಆಟವಾಗಿದ್ದದ್ದು ಕೂಲಿಯಾಯಿತು. ಹೋಂವರ್ಕಿಗೆ ಚಾಕೊಲೇಟಿನ ಆಸೆ ತೋರಿಸುವ ತಂದೆತಾಯಂದಿರಿಗೆ ಮ್ಯಾಸ್ಲೊಗಿಂತ ಈ ಮೂರರ ಸಿದ್ಧಾಂತ ಹೆಚ್ಚು ಉಪಯೋಗಕ್ಕೆ ಬಂದೀತು. ಆದರೆ ಹಸಿವಿನ ವಿಷಯದಲ್ಲಿ ಅದು ಹೆಚ್ಚು ಮಾತಾಡುವುದಿಲ್ಲ. ಅಲ್ಲಿ 1943ರ ಲೇಖನಕ್ಕೆ ಇನ್ನೂ ತೂಕವಿದೆ.

ಆ ತೂಕ ಎಷ್ಟು, ಕೊರತೆ ಎಷ್ಟು ಎಂಬೆರಡನ್ನೂ ಒಟ್ಟಿಗೆ ತೋರಿಸುವುದು ಲೇಖನ ಪ್ರಕಟವಾದ ಮರುವರ್ಷ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಒಂದು ಪ್ರಯೋಗ. ಯುದ್ಧದಿಂದ ಕಂಗೆಟ್ಟ ದೇಶಗಳ ಹಸಿದವರಿಗೆ ಮತ್ತೆ ಉಣಿಸುವ ಸರಿಯಾದ ಬಗೆ ಕಂಡುಕೊಳ್ಳಲು ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ದೇಹತೂಕದ ಕಾಲು ಭಾಗದಷ್ಟು ಕರಗಿತು. ಹಾಸ್ಯ, ಸ್ನೇಹ, ಹೆಣ್ಣಿನ ಸೆಳೆತ ಒಂದೊಂದಾಗಿ ಬತ್ತಿದವು. ಕೆಲವರು ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು, ತಟ್ಟೆ ನೆಕ್ಕಿದರು. ಹಸಿದವನ ಲೋಕದಲ್ಲಿ ಅನ್ನದ ಹೊರತು ಬೇರೇನೂ ಇರುವುದಿಲ್ಲ ಎಂಬ ಮ್ಯಾಸ್ಲೊ ವರ್ಣನೆಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ.

ಆದರೆ ಆ 36 ಜನ ಅಲ್ಲಿಗೆ ಬಂದದ್ದಾದರೂ ಹೇಗೆ? ಮನಸ್ಸಾಕ್ಷಿ ಒಪ್ಪದೆ ಯುದ್ಧದಲ್ಲಿ ಬಂದೂಕು ಹಿಡಿಯಲು ನಿರಾಕರಿಸಿದವರು ಅವರು. ಖಾಲಿ ಬಟ್ಟಲು ಹಿಡಿದ ಮಕ್ಕಳ ಚಿತ್ರವಿದ್ದ ಕರಪತ್ರವೊಂದು, ಇವರ ಊಟಕ್ಕಾಗಿ ನೀವು ಹಸಿದಿರಬಲ್ಲಿರಾ ಎಂದು ಕೇಳಿತ್ತು. ಅವರು ಹೆಸರು ಬರೆಸಿದರು. ಆರು ತಿಂಗಳ ಹಸಿವಿನಲ್ಲಿ ಕದ್ದು ತಿಂದವರು ಒಬ್ಬಿಬ್ಬರಿದ್ದರೂ, 32 ಮಂದಿಯ ದಾಖಲೆಗಳು 1950ರಲ್ಲಿ ಹೊರಬಂದ ಕೀಸ್ ಅವರ ಎರಡು ಸಂಪುಟಗಳ ಗ್ರಂಥದಲ್ಲಿ ಸೇರಿದವು.